ಕಾರಣೆಯ ಅಂಚು

ನಮ್ಮ ಸೀಮೆಯಲ್ಲಿ ಹೆಸರು ಕೇಳುವ ಮೊದಲು ಹಣೆ ನೋಡುತ್ತಿದ್ದರು. ಅಡ್ಡಡ್ಡ ಮೂರು ಬಿಳಿ ಪಟ್ಟೆ ಇದ್ದರೆ ಈ ಪಂಕ್ತಿ. ಉದ್ದುದ್ದ ಎರಡು ಬಿಳಿ, ನಡುವೆ ಒಂದು ಕೆಂಪು ಇದ್ದರೆ ಆ ಪಂಕ್ತಿ. ತಿಪಟೂರಿನ ಕೊಬ್ಬರಿ ಮಾರುಕಟ್ಟೆಯಲ್ಲಿ ತೂಕಕ್ಕೆ ನಿಂತವರನ್ನು ಹಿಂದಿನಿಂದ ನೋಡಿದರೆ ಎಲ್ಲರೂ ಒಂದೇ: ಬಿಳಿ ಪಂಚೆ, ಹೆಗಲ ಮೇಲೊಂದು ಟವೆಲು. ಮುಂದಿನಿಂದ ನೋಡಿದಾಗ ಮಾತ್ರ ಇವರು ಶಿವನ ಕಡೆ, ಅವರು ರಂಗನಾಥನ ಕಡೆ ಎಂದು ತಿಳಿಯುತ್ತಿತ್ತು. ಆ ಹಣೆಗಳ ಮೇಲೆ ಶಿವನ ಚಿತ್ರವೂ ಇರಲಿಲ್ಲ, ವಿಷ್ಣುವಿನ ಚಿತ್ರವೂ ಇರಲಿಲ್ಲ. ಗೆರೆ ಮಲಗಿದೆಯೋ ನಿಂತಿದೆಯೋ, ಬಣ್ಣ ಒಂದೋ ಎರಡೋ, ಅಷ್ಟೇ. ಅಷ್ಟರ ಮೇಲೆಯೇ ಹೆಣ್ಣು ಕೊಡುವುದು ತರುವುದು, ಒಂದೇ ಸಾಲಿನಲ್ಲಿ ಊಟಕ್ಕೆ ಕೂರುವುದು ಎಲ್ಲ ತೀರ್ಮಾನವಾಗುತ್ತಿತ್ತು. ನಾಮದ ಬುಡ ಇಂಗ್ಲಿಷಿನ ‘ಯು’ ಥರ ಇರಬೇಕೋ ‘ವೈ’ ಥರ ಇರಬೇಕೋ ಎಂಬ ಜಗಳ ಕಂಚಿಯಲ್ಲಿ ಕೋರ್ಟು ಮೆಟ್ಟಿಲನ್ನೂ ಹತ್ತಿತು.

ಚಿತ್ರದಲ್ಲಿ ಮರವೋ ಮನುಷ್ಯನೋ ಇಲ್ಲದಿದ್ದರೆ ಅದು ಯಾರ ಮನಸ್ಸಿಗೆ ತಾಗುತ್ತದೆ ಎಂದು ಕೇಳುವವರಿಗೆ ನಾನು ಮೊದಲು ಹೇಳುವುದು ಈ ಹಣೆಗಳ ವಿಷಯವನ್ನೇ.

ನಾನು ತುರುವೇಕೆರೆ ತಾಲ್ಲೂಕಿನ ಪ್ರೌಢಶಾಲೆಗಳಲ್ಲಿ ಡ್ರಾಯಿಂಗ್ ಟೀಚರ್ ಆಗಿದ್ದವಳು. ಮಕ್ಕಳನ್ನು ಲೋಯರ್ ಗ್ರೇಡ್ ಪರೀಕ್ಷೆಗೆ ತಯಾರು ಮಾಡುವುದು ನನ್ನ ಕೆಲಸದ ಬಹುಪಾಲು. ವಿನ್ಯಾಸ ಬರೆಸುವಾಗ ಪೋಸ್ಟರ್ ಕಲರ್ ಗೆರೆ ದಾಟಬಾರದು, ಬಳಿದ ಬಣ್ಣದಲ್ಲಿ ಕುಂಚದ ಗುರುತು ಉಳಿಯಬಾರದು ಎಂದು ವರ್ಷಗಟ್ಟಲೆ ಬಡಕೊಂಡಿದ್ದೇನೆ. ಅದಕ್ಕೂ ಮೊದಲು, ಬೆಂಗಳೂರಿನ ಕಲಾಶಾಲೆಯೊಂದರಲ್ಲಿ ಓದುತ್ತಿದ್ದಾಗ, ಇದನ್ನೇ ದೊಡ್ಡ ಕ್ಯಾನ್ವಾಸಿನ ಮೇಲೆ ದೊಡ್ಡವರು ಮಾಡಿದ್ದಾರೆ ಎಂದು ಪುಸ್ತಕದಲ್ಲಿ ನೋಡಿದ್ದೆ. ಹಾರ್ಡ್-ಎಡ್ಜ್ ಎಂಬ ಹೆಸರನ್ನು ಅದಕ್ಕೆ ಕೊಟ್ಟವನು ಜೂಲ್ಸ್ ಲ್ಯಾಂಗ್ಸ್‌ನರ್ ಎಂಬ ವಿಮರ್ಶಕ, 1959ರಲ್ಲಿ, ಲಾಸ್ ಏಂಜಲೀಸಿನಲ್ಲಿ ನಾಲ್ವರು ಚಿತ್ರಕಾರರ ಪ್ರದರ್ಶನದ ಸಂದರ್ಭದಲ್ಲಿ. ಬಣ್ಣ ಸಪಾಟು. ನೆರಳಿಲ್ಲ, ಆಳವಿಲ್ಲ. ಒಂದು ಬಣ್ಣ ಮುಗಿದಲ್ಲೇ ಇನ್ನೊಂದು ಶುರು, ನಡುವೆ ಕಲಬೆರಕೆಗೆ ಜಾಗವಿಲ್ಲ. ಆ ನಾಲ್ವರಲ್ಲಿ ಒಬ್ಬನಾದ ಜಾನ್ ಮ್ಯಾಕ್‌ಲಾಫ್ಲಿನ್ ಜಪಾನಿನಲ್ಲಿದ್ದು ಬಂದವನು. ಅಲ್ಲಿನ ಹಳೆಯ ಚಿತ್ರಗಳಲ್ಲಿ ಬರೆಯದೆ ಬಿಟ್ಟ ಜಾಗವೇ ಅವನನ್ನು ಹಿಡಿದಿತ್ತು. ನೋಡುವವನಿಗೆ ಹೆಸರಿಟ್ಟು ಕೈತೊಳೆದುಕೊಳ್ಳಲು ಏನೂ ಸಿಗದಂಥ ಚಿತ್ರ ಬರೆಯಬೇಕು ಎನ್ನುವುದು ಅವನ ಹಟ.

ಅಲ್ಲಿಂದ ಶುರುವಾದ ಪ್ರಶ್ನೆ ಇವತ್ತಿಗೂ ನನ್ನ ಜೊತೆಗಿದೆ. ಏನನ್ನೂ ತೋರಿಸದ ಆಕಾರದ ಮುಂದೆ ನಿಂತಾಗ ನಾವು ನೋಡುವುದು ಏನನ್ನು? ಅದಕ್ಕೆ ಕೈ ಮುಗಿದರೆ ಯಾರಿಗೆ ಮುಗಿದಂತಾಯಿತು?

ಪುಸ್ತಕದ ಆ ಚಿತ್ರಗಳು ನನಗೆ ಹೊಸವಾಗಿ ಕಾಣದಿರಲು ಕಾರಣ ನಮ್ಮವ್ವ. ನಮ್ಮೂರು ನೊಣವಿನಕೆರೆಗೆ ಹತ್ತಿರದ ಒಂದು ಹಳ್ಳಿ. ಲಿಂಗಾಯತ ನೊಣಬರ ಮನೆ, ಮಣ್ಣಿನ ಗೋಡೆ, ಮೇಲೆ ಅಟ್ಟ, ಅಟ್ಟದ ತುಂಬ ತೆಂಗಿನಕಾಯಿ. ಉಂಡೆ ಕೊಬ್ಬರಿಯಾಗಲು ಬಲಿತ ಕಾಯಿ ಹತ್ತಿರ ಹತ್ತಿರ ಒಂದು ವರ್ಷ ಅಟ್ಟದ ಮೇಲೆ ಕೂರಬೇಕು. ಒಳಗಿನ ನೀರು ಇಂಗಿ, ತಿರುಳು ಚಿಪ್ಪು ಬಿಟ್ಟು, ಅಲ್ಲಾಡಿಸಿದರೆ ಒಳಗೇ ಉರುಳಾಡಬೇಕು. ಅಷ್ಟು ದಿನವೂ ಕೆಳಗಿನ ಒಲೆಯ ಹೊಗೆ ಕಾಯಿಗೂ ತಾಗುತ್ತಿತ್ತು, ಗೋಡೆಗೂ ತಾಗುತ್ತಿತ್ತು. ಹಬ್ಬ ಹತ್ತಿರ ಬರುವ ಹೊತ್ತಿಗೆ ಹೋದ ವರ್ಷದ ಬಿಳಿ ಎಲ್ಲಿತ್ತು ಎಂದು ಹುಡುಕಬೇಕು.

ಆಗ ಸಾರಣೆ-ಕಾರಣೆ. ಸುಣ್ಣದ ಕಲ್ಲನ್ನು ಹಳೇ ಮಡಕೆಗೆ ಹಾಕಿ ನೀರು ಹೊಯ್ದರೆ ಕೊತಕೊತ ಕುದಿಯುತ್ತಿತ್ತು. ಮಕ್ಕಳನ್ನು ಹತ್ತಿರ ಬಿಡುತ್ತಿರಲಿಲ್ಲ. ಆರಿದ ಮೇಲೆ ಬಟ್ಟೆಯಲ್ಲಿ ಸೋಸಿ, ಬಿಳುಪು ಏರಲೆಂದು ಚಿಟಿಕೆ ನೀಲಿ ಕದಡುವುದು. ಕೆಮ್ಮಣ್ಣನ್ನು ಊರಾಚೆಯ ದಿಬ್ಬದಿಂದ ಪುಟ್ಟಿಯಲ್ಲಿ ತಂದು, ನೆನೆಸಿ, ಹರಳು ತೆಗೆದು, ಅದನ್ನೂ ಸೋಸುವುದು. ಸುಣ್ಣದ ಬಟ್ಟೆ ಬೇರೆ, ಕೆಮ್ಮಣ್ಣಿನ ಬಟ್ಟೆ ಬೇರೆ. ಅದಲುಬದಲಾದರೆ ಬೈಗುಳ ಗ್ಯಾರಂಟಿ. ಕುಂಚವೆಂದರೆ ತೆಂಗಿನ ಮಟ್ಟೆಯ ತುಂಡು, ಒಂದು ತುದಿಯನ್ನು ಕಲ್ಲಿನ ಮೇಲೆ ಜಜ್ಜಿ ನಾರು ಬಿಡಿಸಿದ್ದು.

ಗೋಡೆಯ ಸುಣ್ಣ ಒಣಗಿದ ಮೇಲೆ ನನ್ನ ಸರದಿ. ಕೆಮ್ಮಣ್ಣಿನಲ್ಲಿ ಅದ್ದಿದ ನೂಲಿನ ಒಂದು ತುದಿ ಅವ್ವನ ಕೈಯಲ್ಲಿ, ಇನ್ನೊಂದು ತುದಿ ಮೂಲೆಯಲ್ಲಿ ಕುಕ್ಕರಗಾಲಲ್ಲಿ ಕೂತ ನನ್ನ ಕೈಯಲ್ಲಿ. ಬಿಗಿಯಾಗಿ ಹಿಡಿದರೆ ಅವಳು ಇನ್ನೊಂದು ಕೈಯಿಂದ ನೂಲನ್ನು ಎಳೆದು ಬಿಡುವಳು. ಟಪ್ ಎಂದು ಗೋಡೆಯ ಉದ್ದಕ್ಕೂ ಒಂದು ಗೆರೆ. ಗೆರೆಯಿಂದ ಕೆಳಗೆ ನೆಲದವರೆಗೆ ಒಂದು ಮೊಳ ಕೆಂಪು. ಮೇಲೆ ಎರಡು ಬೆರಳು ಬಿಳಿ ಬಿಟ್ಟು ಮತ್ತೆ ಒಂದು ಬೆರಳಗಲ ಕೆಂಪು. ಮುಗಿಯಿತು. ಹತ್ತಿರ ಹೋಗಿ ನೋಡಿದರೆ ಅಂಚು ನೇರವೇನೂ ಇರುತ್ತಿರಲಿಲ್ಲ. ಮಣ್ಣಿನ ಗೋಡೆಯ ಉಬ್ಬುತಗ್ಗಿನಲ್ಲಿ ಕೆಂಪು ಅಲ್ಲಲ್ಲಿ ಬಿಳಿಯೊಳಕ್ಕೆ ಕಾಲಿಟ್ಟಿರುತ್ತಿತ್ತು, ಮಟ್ಟೆಯ ನಾರೊಂದು ಅಲ್ಲೇ ಅಂಟಿ ಒಣಗಿರುತ್ತಿತ್ತು. ಪಡಸಾಲೆಯ ಆ ಕೊನೆಗೆ ಹೋಗಿ ನಿಂತರೆ ಮಾತ್ರ ಕುಡುಗೋಲಿನಿಂದ ಕತ್ತರಿಸಿಟ್ಟಂತೆ ಕಾಣುತ್ತಿತ್ತು.

ಇದನ್ನು ಕೇಳಿದವರು ಸಾಮಾನ್ಯವಾಗಿ ಒಂದು ಆಕ್ಷೇಪ ಎತ್ತುತ್ತಾರೆ. ಅಮೆರಿಕದ ಚಿತ್ರಕಾರನ ಮುಂದೆ ಅಂಗಡಿಯಷ್ಟು ಬಣ್ಣವಿತ್ತು, ಅವನು ಎರಡನ್ನು ಆರಿಸಿಕೊಂಡ. ನಿಮ್ಮವ್ವನಿಗೆ ಇದ್ದದ್ದೇ ಎರಡು. ಅವನದು ಸರಳತೆ, ಇವಳದು ಬಡತನ. ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿ. ಮಾತಿನಲ್ಲಿ ಹುರುಳಿದೆ. ನಮ್ಮ ಮನೆಯಲ್ಲಿ ಬಡತನವೂ ಇತ್ತು. ಆದರೆ ಸಂಕ್ರಾಂತಿಗೆ ಅಂಗಳದಲ್ಲಿ ರಂಗೋಲಿ ಬಿಡುವಾಗ ಇದೇ ಅವ್ವ ಹಳದಿ, ಹಸಿರು, ನೇರಳೆ ಪುಡಿಯ ಪೊಟ್ಟಣಗಳನ್ನು ಸಾಲಾಗಿ ಇಟ್ಟುಕೊಳ್ಳುತ್ತಿದ್ದಳು. ಹೊಸ್ತಿಲಿಗೆ ಅರಿಶಿನ ಇತ್ತು. ನೀಲಿ ಹೇಗೂ ಸುಣ್ಣಕ್ಕೆಂದು ತಂದದ್ದೇ ಇತ್ತು. ಗೋಡೆಗೂ ಒಂದು ಹಳದಿ ಪಟ್ಟೆ ಎಳೆಯೋಣ ಎಂದು ನಾನು ಹಟ ಹಿಡಿದಾಗ ಅವಳು ತಲೆಯೆತ್ತದೆ, “ಗೋಡೆ ಅಂದ್ರೆ ಗೋಡೆ ಕಣೇ, ಅದೇನು ಸೀರೆನಾ?” ಅಂದಳು. ಆಯ್ಕೆ ಮಾಡಿದವರು ಆಡುವ ಮಾತು ಅದು.

ಕೆಂಪು ಎಂದರೆ ಶಕ್ತಿ, ಬಿಳಿ ಎಂದರೆ ಶಿವ ಎಂದು ಆಮೇಲೆ ಬಂದ ಪಂಡಿತರು ಅರ್ಥ ಹೇಳುತ್ತಾರೆ. ನನಗೆ ಅದರಲ್ಲಿ ನಂಬಿಕೆ ಕಡಿಮೆ. ಬಿಳಿ ಎಂದರೆ ಸುಣ್ಣ; ಹುಳುಹುಪ್ಪಟೆ ದೂರವಿಡುತ್ತದೆ. ಕೆಂಪು ಎಂದರೆ ಕಬ್ಬಿಣ ಬೆರೆತ ಮಣ್ಣು. ಚಿಕ್ಕನಾಯಕನಹಳ್ಳಿಯ ಗುಡ್ಡಗಳನ್ನು ಅಗೆದು ಲಾರಿಗಟ್ಟಲೆ ಸಾಗಿಸಿದ್ದೂ ಆ ಕಬ್ಬಿಣವನ್ನೇ, ಅವ್ವ ಪುಟ್ಟಿಯಲ್ಲಿ ತಂದ ಮಣ್ಣಿಗೆ ಬಣ್ಣ ಕೊಟ್ಟದ್ದೂ ಆ ಕಬ್ಬಿಣವೇ. ಗೋಡೆಯ ಬುಡಕ್ಕೆ ಕೆಂಪು ಬಂದದ್ದು ಸೂರಿನ ನೀರು ಚಿಮ್ಮಿಸುವ ರಾಡಿ ಎದ್ದು ಕಾಣದಿರಲಿ ಎಂದು. ಹಾಗೆಂದು ಅದು ದೇವರ ಕೆಲಸವಲ್ಲ ಎನ್ನಲಾರೆ. ಕಾರಣೆಯಾಗದ ಮನೆಯಲ್ಲಿ ಹಬ್ಬದ ದೀಪ ಹಚ್ಚುತ್ತಿರಲಿಲ್ಲ. ಉಪಯೋಗಕ್ಕೆ ಬಂದ ತಕ್ಷಣ ಪಾವಿತ್ರ್ಯ ಹೋಗುತ್ತದೆ ಎಂಬ ಯೋಚನೆ ನಮ್ಮ ಕಡೆಯದಲ್ಲ.

ಬಣ್ಣಕ್ಕೆ ಅರ್ಥ ಹಚ್ಚದೆ ಬಣ್ಣವನ್ನು ಬಣ್ಣವಾಗಿಯೇ ಬಿಡುವುದನ್ನು ಕಟ್ಟುನಿಟ್ಟಾಗಿ ಪಾಲಿಸಿದವನು ಅಮೆರಿಕದಲ್ಲಿ ಚಿತ್ರಕಲೆಯ ಮೇಷ್ಟ್ರಾಗಿದ್ದ ಜೋಸೆಫ್ ಆಲ್ಬರ್ಸ್. 1950ರಿಂದ 1976ರಲ್ಲಿ ಸಾಯುವವರೆಗೆ ಚೌಕದೊಳಗೆ ಚೌಕ, ಅದರೊಳಗೆ ಚೌಕ ಎಂದು ಒಂದೇ ವಿನ್ಯಾಸವನ್ನು ಸಾವಿರಕ್ಕೂ ಹೆಚ್ಚು ಸಲ ಬರೆದ. ಬಣ್ಣವನ್ನು ಬಹುಮಟ್ಟಿಗೆ ಟ್ಯೂಬಿನಲ್ಲಿ ಇದ್ದಂತೆಯೇ ತೆಗೆದು, ಬೆರೆಸದೆ, ಚಾಕುವಿನಿಂದ ಹಲಗೆಗೆ ಹಚ್ಚುತ್ತಿದ್ದ. ಹಲಗೆಯ ಹಿಂಬದಿಯಲ್ಲಿ ಯಾವ ಬಣ್ಣ, ಯಾವ ಕಂಪನಿಯದು ಎಂದು ಬರೆದಿಡುತ್ತಿದ್ದ. ಕಿರಾಣಿ ಅಂಗಡಿಯ ಚೀಟಿಯನ್ನು ಓದಿದ ಹಾಗಿರುತ್ತದೆ ಅದು. ನನಗೆ ಆ ಹಿಂಬದಿಯ ಬಗ್ಗೆಯೇ ಪ್ರೀತಿ ಹೆಚ್ಚು.

ಈಗ ಅಪ್ಪನ ವಿಷಯ. ಬೆಳಿಗ್ಗೆ ತೋಟಕ್ಕೆ ಹೋಗುವ ಮೊದಲು ಮಿಂದು, ವಿಭೂತಿ ಹಚ್ಚಿ, ಕರಡಿಗೆಯಿಂದ ಇಷ್ಟಲಿಂಗ ತೆಗೆದು ಎಡ ಅಂಗೈಯಲ್ಲಿಟ್ಟುಕೊಂಡು ಕಣ್ಣಿನ ನೇರಕ್ಕೆ ಹಿಡಿಯುತ್ತಿದ್ದರು. ಹಿಂದೆ ಸಣ್ಣ ದೀಪ. ಇಷ್ಟಲಿಂಗಕ್ಕೆ ಕಣ್ಣು ಮೂಗು ಇಲ್ಲ, ತಲೆ ಬುಡ ಇಲ್ಲ. ಒಳಗಿನ ಪಂಚಸೂತ್ರ ಲಿಂಗವನ್ನು ಕಪ್ಪು ಲೇಪ ಪೂರ್ತಿ ಮುಚ್ಚಿರುತ್ತದೆ; ಕಾಣುವುದು ಒಂದು ನುಣ್ಣನೆಯ ಕಪ್ಪು, ಅದರ ಮೇಲೆ ದೀಪದ ಒಂದು ಚುಕ್ಕೆ ಬೆಳಕು. ಅದನ್ನೇ ರೆಪ್ಪೆ ಬಡಿಯದೆ ನೋಡುವುದು ಪೂಜೆ.

ನಮ್ಮಲ್ಲಿ ಹೆಣ್ಣುಮಕ್ಕಳಿಗೂ ಲಿಂಗದೀಕ್ಷೆ ಉಂಟು. ಹಾಗಾಗಿ ನನಗೂ ಒಂದು ಲಿಂಗ ಇತ್ತು, ಅಪ್ಪನ ಪಕ್ಕ ಕೂತು ನಾನೂ ದಿಟ್ಟಿಸುತ್ತಿದ್ದೆ. ಸ್ವಲ್ಪ ಹೊತ್ತಿಗೆ ಕಪ್ಪಿನ ಸುತ್ತ ಬೆಳಕಿನ ಅಂಚು ಕಟ್ಟುತ್ತದೆ. ಆಮೇಲೆ ಕಪ್ಪು ಹಿಂದಕ್ಕೆ ಸರಿದಂತೆ, ತೂತಾದಂತೆ. ಕಣ್ಣು ಕಿತ್ತು ಗೋಡೆ ನೋಡಿದರೆ ಸುಣ್ಣಕ್ಕಿಂತ ಬೆಳ್ಳಗಿನ ಒಂದು ದುಂಡು ಆಕಾರ ತೇಲುತ್ತದೆ. ಒಂದು ದಿನ ಸಂಭ್ರಮದಿಂದ, “ಅಪ್ಪಾ, ಗೋಡೆ ಮೇಲೆ ಬೆಳ್ಳಗೆ ಲಿಂಗ ಕಾಣಿಸ್ತು” ಅಂದೆ. ಅಪ್ಪ, “ಕಣ್ಣು ದಣಿದಿದೆ. ಹೋಗಿ ಮುಖ ತೊಳಕೊಂಡು ಬಾ” ಅಂದರು.

1963ರಲ್ಲಿ ಬಂದ ಆಲ್ಬರ್ಸನ ಬಣ್ಣದ ಪುಸ್ತಕದಲ್ಲೂ ಇದೇ ಪ್ರಯೋಗವಿದೆ. ಕೆಂಪು ದುಂಡನ್ನು ದಿಟ್ಟಿಸಿ ನೋಡಿ, ಆಮೇಲೆ ಬಿಳಿಯ ಕಡೆ ಕಣ್ಣು ಹೊರಳಿಸಿ. ಹಸಿರು ದುಂಡು ಕಾಣುತ್ತದೆ. ಕೆಂಪನ್ನು ಗ್ರಹಿಸುವ ಭಾಗ ದಣಿದು, ಉಳಿದದ್ದು ಮೇಲೆದ್ದು ಕಾಣುವುದು. ಅಪ್ಪ ಆ ಪುಸ್ತಕ ನೋಡಿದವರಲ್ಲ. ಆದರೂ ಆ ಅಮೆರಿಕದ ಮೇಷ್ಟ್ರೂ ನಮ್ಮ ತೆಂಗಿನ ತೋಟದ ಶರಣರೂ ಒಂದೇ ಮಾತು ಹೇಳಿದರು: ಗೋಡೆಯ ಮೇಲೆ ಕಂಡದ್ದು ಗೋಡೆಯಲ್ಲಿಲ್ಲ, ನಿನ್ನ ಕಣ್ಣಿನಲ್ಲಿದೆ. ವಿಜ್ಞಾನ ಹೀಗೆಂದಾಗ ಭಕ್ತಿಗೆ ಪೆಟ್ಟು ಬಿತ್ತು ಎಂದು ಕೆಲವರು ಗಾಬರಿಯಾಗುತ್ತಾರೆ. ಭಕ್ತರೇ ಹೀಗೆಂದಾಗ ಏನು ಮಾಡುವುದು?

ನನಗೆ ತೋಚಿದ್ದು ಇಷ್ಟು. ಗಣಪತಿಯ ಚಿತ್ರ ನೋಡುವಾಗ ಕಣ್ಣು ಸೊಂಡಿಲ ಮೇಲೆ, ಹೊಟ್ಟೆಯ ಮೇಲೆ, ಇಲಿಯ ಮೇಲೆ ಓಡಾಡಿ, ಗಣಪತಿ ಎಂದು ಗುರುತು ಹಿಡಿದು, ಕೆಲಸ ಮುಗಿಯಿತೆಂದು ಆಚೆ ಹೋಗುತ್ತದೆ. ಕಪ್ಪು ದುಂಡಿನ ಮುಂದೆ ಹಾಗೆ ಮುಗಿಸಿಕೊಂಡು ಹೋಗಲು ಏನೂ ಇಲ್ಲ. ನೋಡಿದ್ದನ್ನೇ ನೋಡಬೇಕು. ಆಗ ವಸ್ತು ಹಿಂದೆ ಸರಿದು ನೋಟವೇ ಮುಂದೆ ಬರುತ್ತದೆ; ರೆಪ್ಪೆಯ ಭಾರ, ಅಂಚಿನ ಮಿಡಿತ, ಮನಸ್ಸು ಓಡಿಹೋಗಿ ವಾಪಸು ಬರುವುದು ಎಲ್ಲ ಗೊತ್ತಾಗುತ್ತದೆ. ವಚನಕಾರರು ಕುರುಹು ಹಿಡಿದು ಅರಿವಿಗೆ ಹೋಗುವುದು ಎಂದದ್ದನ್ನು ನಾನು ಹೀಗೆ ತಿಳಿದಿದ್ದೇನೆ. ಕುರುಹಿನಲ್ಲಿ ನೋಡುವ ಸಂಗತಿ ಹೆಚ್ಚಾದಷ್ಟೂ ಅರಿವಿಗೆ ಜಾಗ ಕಡಿಮೆ. ಅದಕ್ಕೇ ಅದನ್ನು ಅಷ್ಟು ಬೋಳಾಗಿಸಿದರು.

ಈ ದಿಟ್ಟಿಸುವಿಕೆಯ ಬಹು ದೊಡ್ಡ ಕತೆಯ ಒಂದು ರೂಪ ನಮ್ಮ ಜಿಲ್ಲೆಯಲ್ಲೇ ಕಟ್ಟಾಯಿತು ಎನ್ನುವುದು ನನಗೆ ಸಣ್ಣ ಹೆಮ್ಮೆ. ‘ಶೂನ್ಯಸಂಪಾದನೆ’ಯ ಒಂದು ಪರಿಷ್ಕರಣೆ ತುಮಕೂರಿನ ಪಕ್ಕದ ಗೂಳೂರಿನ ಸಿದ್ಧವೀರಣ್ಣೊಡೆಯರದು, ಎಡೆಯೂರಿನ ತೋಂಟದ ಸಿದ್ಧಲಿಂಗರ ಪರಂಪರೆಯವರು. ಅದರಲ್ಲಿ ಅಲ್ಲಮ ಒಂದು ತೋಟದಲ್ಲಿ ಕೂತು ಕಾಲಿನಿಂದ ನೆಲ ಕೆರೆಯುವಾಗ ಹೂತುಹೋದ ಗುಡಿಯ ಕಳಸ ತಗುಲುತ್ತದೆ. ಅಗೆಸಿ ಒಳಗೆ ಹೋ‌ದರೆ ಅನಿಮಿಷ ಎಂಬ ಯೋಗಿ ಅಂಗೈಯ ಲಿಂಗದಲ್ಲಿ ಕಣ್ಣು ನೆಟ್ಟು ಕೂತಿದ್ದಾನೆ. ಅಲ್ಲಮ ಆ ಲಿಂಗವನ್ನು ತನ್ನ ಕೈಗೆ ತೆಗೆದುಕೊಳ್ಳುತ್ತಾನೆ. ತೆಗೆದುಕೊಂಡ ಕೂಡಲೇ ಅನಿಮಿಷನ ಪ್ರಾಣ ಹೋಗುತ್ತದೆ. ಈ ಕತೆ ದಿಟ್ಟಿಸುವುದನ್ನು ಹೊಗಳುತ್ತದೋ, ಎಚ್ಚರಿಸುತ್ತದೋ ಎಂದು ನಾನು ಬಹಳ ಯೋಚಿಸಿದ್ದೇನೆ. ಪ್ರಾಣ ಹೋಗುವಷ್ಟು ಗಟ್ಟಿಯಾಗಿ ಕಣ್ಣು ಅಂಟಿಕೊಂಡಿತ್ತು ಎನ್ನುವುದು ಸಿದ್ಧಿಯೇ, ಬಂಧನವೇ? ಎರಡೂ ಅನ್ನಿಸುತ್ತದೆ. ಕತೆ ಕಟ್ಟಿದವರು ಅದನ್ನು ಬೇಕೆಂದೇ ಬಿಡಿಸದೆ ಬಿಟ್ಟಿದ್ದಾರೆ. (ಅದೇ ಗೂಳೂರಿನಲ್ಲಿ ಪ್ರತಿ ವರ್ಷ ಆಳೆತ್ತರ ಮೀರಿದ ಮಣ್ಣಿನ ಗಣಪತಿಯನ್ನು ಕಟ್ಟಿ, ಪೂಜಿಸಿ, ಕೊನೆಗೆ ಕೆರೆಗೆ ಬಿಡುತ್ತಾರೆ. ಶೂನ್ಯದ ಊರಿನಲ್ಲೂ ಹೊಟ್ಟೆ ಸೊಂಡಿಲು ಬೇಕು.)

ಬೋಳು ಆಕಾರವನ್ನು ಜನ ಬಹಳ ಹೊತ್ತು ತಡೆದುಕೊಳ್ಳುವುದಿಲ್ಲ. ತಿಪಟೂರು ತಾಲ್ಲೂಕಿನ ಅರಳಗುಪ್ಪೆಗೆ ಹೋದರೆ ನೊಳಂಬರ ಕಾಲದ ಕಲ್ಲೇಶ್ವರ ಗುಡಿಯ ಛಾವಣಿಯಲ್ಲಿ ಶಿವ ಕುಣಿಯುತ್ತಿದ್ದಾನೆ, ಸುತ್ತ ದಿಕ್ಪಾಲಕರು. ಕತ್ತು ನೋಯುವವರೆಗೆ ನೋಡಬಹುದು. ಅದೇ ಊರಿನ ಹೊಯ್ಸಳರ ಚೆನ್ನಕೇಶವ ಗುಡಿಯ ಹೊರಗೋಡೆಯಲ್ಲಿ ಬೆರಳಿಡಲೂ ಖಾಲಿ ಜಾಗ ಕಷ್ಟ. ಕಲ್ಲೇಶ್ವರನ ಗರ್ಭಗುಡಿಯಲ್ಲಿ ಮಾತ್ರ ಏನೂ ಕೊರೆಯದ ಒಂದು ಕಲ್ಲು. ಶಿಲ್ಪಿಗೆ ಕೈ ಬರಲಿಲ್ಲವೆಂದು ಅದನ್ನು ಹಾಗೆ ಬಿಟ್ಟದ್ದಲ್ಲ. ಆದರೆ ಕಾರ್ತಿಕ ಸೋಮವಾರ ಬರಲಿ, ನಮ್ಮ ಕಡೆ ಎಷ್ಟೋ ಗುಡಿಗಳಲ್ಲಿ ಲಿಂಗಕ್ಕೆ ಬೆಳ್ಳಿ ಮುಖವಾಡ ಬರುತ್ತದೆ. ಕಣ್ಣು, ಮೀಸೆ, ತುಟಿಯ ನಗು. ಗದ್ದುಗೆಗಳಿಗೂ ಹಾಗೆಯೇ. ಎದುರಿಗಿರುವುದು ತಿರುಗಿ ನಮ್ಮನ್ನು ನೋಡಬೇಕು ಎಂಬ ಆಸೆ ಬಹಳ ಹಳೆಯದು, ಅದನ್ನು ನಾನು ಗೇಲಿ ಮಾಡುವುದಿಲ್ಲ. ಚಿತ್ರಶಾಲೆಗೆ ಹೋಗುವ ಓದಿದವರೂ ಬೇರೆಯೇನಲ್ಲ. ನಾನು ಮೇಲೆ ಬಿಳಿ, ಕೆಳಗೆ ಕೆಂಪು, ಎರಡೇ ಪಟ್ಟೆಯ ಚಿತ್ರವೊಂದನ್ನು ಶಾಲೆಯ ಸ್ಟಾಫ್ ರೂಮಿನಲ್ಲಿ ತೂಗುಹಾಕಿದಾಗ ಸಮಾಜ ವಿಜ್ಞಾನದ ಮೇಷ್ಟ್ರು ಬಂದು, “ಸೂರ್ಯಾಸ್ತ ಚೆನ್ನಾಗಿ ಬಂದಿದೆ ಮೇಡಂ” ಅಂದರು. ಅವರು ತಂದದ್ದೂ ಒಂದು ಬೆಳ್ಳಿ ಮುಖವಾಡವೇ.

ಪಶ್ಚಿಮದಲ್ಲಿ ಈ ಬೋಳು ಆಕಾರವನ್ನು ಧೈರ್ಯವಾಗಿ ದೇವರ ಜಾಗದಲ್ಲೇ ಕೂರಿಸಿದವನು ರಷ್ಯಾದ ಚಿತ್ರಕಾರ ಮಾಲೆವಿಚ್. 1915ರ ಡಿಸೆಂಬರಿನಲ್ಲಿ ಪೆಟ್ರೋಗ್ರಾಡಿನ ಪ್ರದರ್ಶನದಲ್ಲಿ ತನ್ನ ‘ಕಪ್ಪು ಚೌಕ’ವನ್ನು ಎರಡು ಗೋಡೆ ಕೂಡುವ ಮೂಲೆಯಲ್ಲಿ, ಮೇಲಕ್ಕೆ ತೂಗುಹಾಕಿದ. ರಷ್ಯಾದ ಮನೆಗಳಲ್ಲಿ ದೇವರ ಪಟ ಇಡುವ ಮೂಲೆ ಅದು. 1935ರಲ್ಲಿ ಅವನು ಸತ್ತಾಗ ಹಾಸಿಗೆಯ ತಲೆಯ ಕಡೆ ಕಪ್ಪು ಚೌಕವಿತ್ತು, ಹೆಣ ಸಾಗಿಸಿದ ವಾಹನದ ಮುಂದೆ ಕಪ್ಪು ಚೌಕವಿತ್ತು, ಗೋರಿಯ ಗುರುತಿನ ಮೇಲೂ ಅದೇ. ಆ ಚೌಕವನ್ನು ಹತ್ತಿರದಿಂದ ತೆಗೆದ ಫೋಟೋಗಳಲ್ಲಿ ನೋಡಿದ್ದೇನೆ. ಬದಿಗಳು ಸರಿಸಮ ಇಲ್ಲ, ಅಂಚು ಅಲ್ಲಲ್ಲಿ ಅಲುಗಿದೆ. ಮೈತುಂಬ ಬಿರುಕು. ಬಿರುಕಿನಲ್ಲಿ ಅಡಿಯಲ್ಲಿದ್ದ ಹಳೆಯ ಚಿತ್ರದ ಬಣ್ಣಗಳು ಇಣುಕುತ್ತಿವೆ. ಅದನ್ನು ಮತ್ತೆ ಕಪ್ಪಾಗಿ ಬಳಿಯುವ ಅಧಿಕಾರ ಈಗ ಭೂಮಿಯ ಮೇಲೆ ಯಾರಿಗೂ ಇಲ್ಲ.

ನನಗೂ ಆ ಚಿತ್ರಕಾರರಿಗೂ ದಾರಿ ಬೇರೆಯಾಗುವುದು ಇಲ್ಲೇ. ಅಮೆರಿಕದ ಚಿತ್ರಕಾರ ಬಾರ್ನೆಟ್ ನ್ಯೂಮನ್ನನ ಎರಡು ಸಂಗತಿ ಹೇಳಿದರೆ ಸಾಕು. 1948ರಲ್ಲಿ ಅವನು ಕಾವಿಗೆ ಹತ್ತಿರದ ಕಂದುಗೆಂಪು ಬಳಿದ ಸಣ್ಣ ಕ್ಯಾನ್ವಾಸಿನ ನಡುವೆ ಮೇಲಿಂದ ಕೆಳಗೆ ಒಂದು ಅಂಟುಪಟ್ಟಿ ಹಚ್ಚಿ, ಅದರ ಮೇಲೆ ಬೇರೊಂದು ಕೆಂಪು ತೀಡಿ ನೋಡಿದ. ಕೆಲಸ ಮುಗಿದ ಮೇಲೆ ಆ ಪಟ್ಟಿಯನ್ನು ಕೀಳಬೇಕಿತ್ತು. ಕೀಳಲಿಲ್ಲ. ತಿಂಗಳುಗಟ್ಟಲೆ ಅದನ್ನೇ ನೋಡುತ್ತ ಕೂತ. ಅಲ್ಲಿಯವರೆಗೆ ಬರೆದದ್ದೆಲ್ಲ ಬೇರೆ, ಇನ್ನು ಮೇಲೆ ಬರೆಯುವುದೇ ಬೇರೆ ಎಂದು ಅವನಿಗೆ ಗೊತ್ತಾದದ್ದು ಹಾಗೆ. ಈ ಮನುಷ್ಯನ ಮೇಲೆ ನನಗೆ ಗೌರವವಿದೆ. ದಿಟ್ಟಿಸುವುದು ಅವನಿಗೆ ಗೊತ್ತಿತ್ತು.

ಎರಡನೆಯದು ಅವನು ಸತ್ತ ಮೇಲೆ ನಡೆದದ್ದು. ಆಮ್‌ಸ್ಟರ್‌ಡ್ಯಾಮಿನ ಮ್ಯೂಸಿಯಮ್ಮಿನಲ್ಲಿ ಅವನದೊಂದು ಐದು ಮೀಟರಿಗೂ ಹೆಚ್ಚು ಅಗಲದ ಚಿತ್ರವಿತ್ತು. ಎಲ್ಲವೂ ಕೆಂಪು, ಒಂದು ಅಂಚಿಗೆ ತೆಳ್ಳಗೆ ನೀಲಿ, ಇನ್ನೊಂದು ಅಂಚಿಗೆ ತೆಳ್ಳಗೆ ಹಳದಿ. 1986ರಲ್ಲಿ ಒಬ್ಬ ಚಾಕು ತಂದು ಅದನ್ನು ಅಡ್ಡಡ್ಡ ಸೀಳಿಬಿಟ್ಟ. ಬರೀ ಕೆಂಪಿನ ಮೇಲೆ ಮನುಷ್ಯನಿಗೆ ಅಷ್ಟು ಸಿಟ್ಟು ಬರಬಹುದು ಎನ್ನುವುದೇ ಒಂದು ಪಾಠ. ರಿಪೇರಿಗೆಂದು ನ್ಯೂಯಾರ್ಕಿಗೆ ಹೋದ ಚಿತ್ರ 1991ರಲ್ಲಿ ವಾಪಸು ಬಂತು. ಬಂದ ಮೇಲೆ ಇನ್ನೂ ದೊಡ್ಡ ಗಲಾಟೆ: ರಿಪೇರಿ ಮಾಡಿದವರು ಸೀಳನ್ನಷ್ಟೇ ಮುಚ್ಚದೆ ಕೆಂಪಿನ ಮೇಲೆಲ್ಲ ರೋಲರಿನಿಂದ ಮತ್ತೊಮ್ಮೆ ಬಣ್ಣ ಎಳೆದಿದ್ದಾರೆ, ಚಾಕು ಹಾಕಿದವನು ಕೊಲ್ಲದೆ ಬಿಟ್ಟದ್ದನ್ನು ಇವರು ಕೊಂದರು, ಎಂದು. ಮಾತು ವಕೀಲರವರೆಗೆ ಹೋಯಿತು.

ಅವರ ದುಃಖ ನನಗೆ ಅರ್ಥವಾಗುತ್ತದೆ. ಆ ಕೆಂಪು ನ್ಯೂಮನ್ನನ ಕೈಯಿಂದ, ಪದರದ ಮೇಲೆ ಪದರವಾಗಿ ಬಂದದ್ದು. ರೋಲರಿನ ಕೆಂಪು ಅದಲ್ಲ. ಆದರೆ ನೋಡಿ: ತನ್ನ ಕೈಗುರುತು, ತನ್ನ ಕತೆ ಎಲ್ಲ ಅಳಿಸಿ ಬರೀ ಬಣ್ಣ ಉಳಿಸಲು ಹೊರಟ ಕಲೆ, ಕೊನೆಗೆ ಆ ಒಂದು ಕೈ ಮುಟ್ಟಿದ ಒಂದೇ ಪದರಕ್ಕೆ ಗಂಟುಬಿತ್ತು. ಮೂರ್ತಿ ಬೇಡವೆಂದವರಿಗೆ ಬಣ್ಣದ ಪದರವೇ ಮೂರ್ತಿಯಾಯಿತು. ನಮ್ಮವ್ವನ ಕೆಂಪಿನ ಮೇಲೆ ಯಾರಾದರೂ ಮರುವರ್ಷ ಕೆಂಪು ಬಳಿಯದೆ ಬಿಟ್ಟರೆ ಅದು ಸಾಯುತ್ತಿತ್ತು. ಹಚ್ಚಿದ ವಿಭೂತಿ ಸಂಜೆಯೊಳಗೆ ಬೆವರಿಗೆ ಹೋಗುತ್ತದೆ, ನಾಳೆ ಮತ್ತೆ ಬೆರಳು ಅದ್ದಬೇಕು. ಇಲ್ಲಿ ಆಕಾರ ಉಳಿಯುವುದು ಗೋಡೆಯಲ್ಲೂ ಅಲ್ಲ, ಹಣೆಯಲ್ಲೂ ಅಲ್ಲ. ಮತ್ತೆ ಎಳೆಯುವ ಕೈಗಳಲ್ಲಿ. ಅದು ಯಾರ ಕೈಯಾದರೂ ಆದೀತು. ನೋಟವೇ ಪೂಜೆ ಎಂದಾದರೆ ನೋಡಿ ಮುಗಿಯಿತು ಎನ್ನುವಂತಿಲ್ಲ, ಮಾಡಿ ಮುಗಿಯಿತು ಎನ್ನುವಂತೆಯೂ ಇಲ್ಲ. ಸರಳತೆ ಎಂದು ನಾನು ಕರೆಯುವುದು ಇದನ್ನು. ಬಣ್ಣ ಎರಡಿರಲಿ ಇಪ್ಪತ್ತಿರಲಿ, ಅದು ಆಮೇಲಿನ ಮಾತು.

ಹೀಗೆ ಹೇಳಿ ನಾವು ಗೆದ್ದೆವು ಎಂದು ಬೀಗುವಂತಿಲ್ಲ. ಇಷ್ಟಲಿಂಗ ಕಳೆದುಕೊಂಡವನು ಪ್ರಾಣ ಬಿಡಬೇಕು ಎಂಬಂಥ ಕತೆಗಳನ್ನು ಕೇಳಿಯೇ ನಾವು ಬೆಳೆದದ್ದು. ಒಂದೇ ವಸ್ತುವಿಗೆ ಜೀವ ಕಟ್ಟಿಹಾಕುವ ಚಾಳಿ ಆಮ್‌ಸ್ಟರ್‌ಡ್ಯಾಮಿಗೆ ಮಾತ್ರ ಸೇರಿದ್ದಲ್ಲ. ಅಲ್ಲಮ ಅನಿಮಿಷನ ಕೈಯಿಂದ ಲಿಂಗ ತೆಗೆದದ್ದು ಒಂದು ರೀತಿಯಲ್ಲಿ ಈ ಚಾಳಿಯ ಮೇಲೆ ಹಾಕಿದ ಕೈಯೇ ಇರಬೇಕು. ಆದರೆ ತೆಗೆದುಕೊಂಡವನೂ ಅದನ್ನು ಬಿಸಾಡಲಿಲ್ಲ, ತನ್ನ ಅಂಗೈಯಲ್ಲೇ ಇಟ್ಟುಕೊಂಡ.

ಈಗಿನ ವಿಷಯಕ್ಕೆ ಬಂದರೆ, ನಮ್ಮೂರಿನ ಗುಡಿಯ ಸುತ್ತುಗೋಡೆಗೆ ಸುಣ್ಣ-ಕೆಮ್ಮಣ್ಣಿನ ಪಟ್ಟೆ ಎಳೆಯುವುದು ಪ್ರತಿ ಜಾತ್ರೆಗೂ ನಡೆದು ಬಂದದ್ದು. ಮೊದಲು ಕೆಮ್ಮಣ್ಣು ಹೋಗಿ ಡಬ್ಬಿಯ ಬಣ್ಣ ಬಂತು. ಪೇಂಟರ್ ಹುಡುಗರು ನ್ಯೂಮನ್ನನ ಹಾಗೆಯೇ ಅಂಟುಪಟ್ಟಿ ಹಚ್ಚಿ, ಬಳಿದು, ಅವನು ಕೀಳದೆ ಬಿಟ್ಟದ್ದನ್ನು ಇವರು ಕಿತ್ತುಹಾಕುತ್ತಿದ್ದರು. ಅಂಚು ಎಷ್ಟು ಚೊಕ್ಕವೆಂದರೆ ನಾನು ಲೋಯರ್ ಗ್ರೇಡಿನಲ್ಲಿ ಪೂರ್ತಿ ನಂಬರು ಕೊಡುತ್ತಿದ್ದೆ. ಹೋದ ಜಾತ್ರೆಗೆ ಕಮಿಟಿಯವರು ಗೋಡೆಗೆ ಟೈಲ್ಸ್ ಹಾಕಿಸುವುದೆಂದು ತೀರ್ಮಾನ ಮಾಡಿದರು. ಕೆಂಪು, ಬಿಳಿ, ಅದೇ ಪಟ್ಟೆ, ಅದೇ ಅಳತೆ. “ಒಂದ್ಸಲ ಹಾಕಿದ್ರೆ ಆಯ್ತು ಮೇಡಂ, ಮೇಂಟೆನೆನ್ಸೇ ಇಲ್ಲ. ನೀರು ಹುಯ್ದು ತೊಳೆದ್ರೆ ಸಾಕು.”

ನಾನು ಮೇಲೆ ಹೇಳಿದ್ದನ್ನೆಲ್ಲ ಸಭೆಯಲ್ಲಿ ಹೇಳಿದೆ, ಮಾಲೆವಿಚ್ಚನನ್ನು ಬಿಟ್ಟು. ಹಿಂದಿನ ಸಾಲಿನಲ್ಲಿ ಕೂತಿದ್ದ ನನ್ನ ವಯಸ್ಸಿನ ಒಬ್ಬಾಕೆ ಎದ್ದು, “ಅಕ್ಕಾ, ಸುಣ್ಣ ಬಳಿದು ಅಂಗೈ ಬಿರಿದು ಅನ್ನ ಕಲಸೋಕೆ ಆಗ್ದೇ ಇದ್ದದ್ದು ನಿಮಗೆ ಮರೆತೋಗಿದ್ಯಾ?” ಎಂದು ಕೇಳಿದಳು. ಮರೆತಿರಲಿಲ್ಲ. ಅವ್ವನ ಅಂಗೈಗೆ ರಾತ್ರಿ ಕೊಬ್ಬರಿ ಎಣ್ಣೆ ಹಚ್ಚುತ್ತಿದ್ದವಳು ನಾನೇ. ಆ ಕೆಲಸ ಮಾಡಿದವರಲ್ಲಿ ಗಂಡಸರು ಬಹಳ ಕಡಿಮೆ, ಅದರ ಬಗ್ಗೆ ತತ್ವ ಹೇಳಿದವರಲ್ಲಿ ಹೆಂಗಸರು ಬಹಳ ಕಡಿಮೆ. ಅವಳಿಗೆ ಉತ್ತರ ಕೊಡಲು ನನ್ನಲ್ಲಿ ಏನೂ ಇರಲಿಲ್ಲ, ಈಗಲೂ ಇಲ್ಲ.

ಟೈಲ್ಸ್ ಬಂತು. ಮೂರು ಕಡೆ ಗೋಡೆ ಮುಗಿದು, ಹಿಂದಿನ ಗೋಡೆ ಹಾಗೇ ಉಳಿದಿದೆ. ನನ್ನ ವಾದಕ್ಕೆ ಬೆಲೆ ಕೊಟ್ಟು ಬಿಟ್ಟದ್ದಲ್ಲ. ಅಳತೆ ತಪ್ಪಿ ಬಿಳಿ ಟೈಲ್ಸ್ ಸಾಲದೆ ಹೋಯಿತು, ಅಂಗಡಿಯಲ್ಲಿ ಅದೇ ಮಾಲು ಮತ್ತೆ ಸಿಗುತ್ತಿಲ್ಲ. ಬರುವವರೆಗೆ ಆ ಗೋಡೆ ನಿಮ್ಮದೇ ಎಂದು ಕಮಿಟಿಯವರು ನನಗೆ ಬಿಟ್ಟಿದ್ದಾರೆ. ನೂಲಿನ ಇನ್ನೊಂದು ತುದಿ ಹಿಡಿಯಲು ಎಂಟನೇ ಕ್ಲಾಸಿನ ಹುಡುಗನೊಬ್ಬ ಒಪ್ಪಿದ್ದಾನೆ, ಪರೀಕ್ಷೆಗೆ ನಾನು ಪುಕ್ಕಟೆ ಹೇಳಿಕೊಡಬೇಕು ಎಂಬ ಷರತ್ತಿನ ಮೇಲೆ.